ಮೂರು ಪಟ್ಟಿ, ಒಂದು ಊರು

ಷಿಕಾಗೋ ಎಂಬ ಹೆಸರನ್ನು ನಮ್ಮ ಕಡೆಯ ಮಕ್ಕಳು ಭೂಗೋಳದ ಪಾಠದಲ್ಲಿ ಕಲಿಯುವುದಿಲ್ಲ. ವಿವೇಕಾನಂದರ ಪಾಠದಲ್ಲಿ ಕಲಿಯುತ್ತಾರೆ. ನಾನೂ ಹಾಗೆಯೇ ಕಲಿತವನು. ಪ್ರಾಥಮಿಕ ಶಾಲೆಯ ಗೋಡೆಯ ಮೇಲೆ ಕೈಕಟ್ಟಿ ನಿಂತ ಸ್ವಾಮೀಜಿಯವರ ಪಟ, ಅದರ ಕೆಳಗೆ ‘ಚಿಕಾಗೋ, ೧೮೯೩’ ಎಂಬ ಬರಹ. ಆ ವಯಸ್ಸಿನಲ್ಲಿ ನನಗೆ ಅದು ಒಂದು ಊರೆಂದು ತೋರಿರಲಿಲ್ಲ. ಒಂದು ಸಭೆಯೆಂದು ತೋರಿತ್ತು. ಸಭೆ ಮುಗಿದ ಮೇಲೆ ಜನ ಯಾವ ಬೀದಿ ಹಿಡಿದು ಮನೆಗೆ ಹೋದರು, ಎಲ್ಲಿ ಊಟ ಮಾಡಿದರು, ಅಂದು ಗಾಳಿ ಬೀಸುತ್ತಿತ್ತೆ ಎಂಬ ಯೋಚನೆ ನನ್ನ ಬಳಿ ಸುಳಿದಿರಲಿಲ್ಲ.

ಈಗ, ನಲವತ್ತೇಳನೆಯ ವಯಸ್ಸಿನಲ್ಲಿ, ಅದನ್ನೆಲ್ಲ ಯೋಚಿಸುವ ಕಾಲ ಬಂದಿದೆ. ಬರುವ ಜೂನ್ ತಿಂಗಳ ರಜೆಯಲ್ಲಿ ನಾನು ಅಕ್ಕನ ಮನೆಗೆ ಹೋಗುವುದೆಂದು ನಿಶ್ಚಯವಾಗಿದೆ. ಅಕ್ಕ ಇರುವುದು ಷಿಕಾಗೋ ನಗರದ ಪಶ್ಚಿಮಕ್ಕಿರುವ ನೇಪರ್‌ವಿಲ್ ಎಂಬ ಊರಿನಲ್ಲಿ. ಅಲ್ಲಿ ಸಂಸಾರ ಹೂಡಿ ಇಪ್ಪತ್ತನಾಲ್ಕು ವರ್ಷವಾಯಿತು. “ಈ ಬೇಸಗೆಗಾದರೂ ಬಾರಯ್ಯ, ಊರು ತೋರಿಸುತ್ತೇನೆ” ಎಂದು ಭಾವ ಪ್ರತಿವರ್ಷವೂ ಕರೆಯುತ್ತಿದ್ದರು. ಒಂದು ವರ್ಷ ಉತ್ತರಪತ್ರಿಕೆಗಳ ಮೌಲ್ಯಮಾಪನ, ಇನ್ನೊಂದು ವರ್ಷ ಮನೆ ಕಟ್ಟಿಸುವ ತಾಪತ್ರಯ, ಮತ್ತೊಂದು ವರ್ಷ ತಾಯಿಯವರ ಕಾಯಿಲೆ. “ಬರುವ ವರ್ಷ ಖಂಡಿತ, ಭಾವ” ಎಂಬ ಮಾತನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಮೂರು ವರ್ಷದ ಹಿಂದೆ ಭಾವ ತೀರಿಕೊಂಡರು. ತಡವಾಯಿತೆಂದು ತಿಳಿದ ಮೇಲೆ ಹೊರಟವನು ನಾನು.

ಇರುವುದು ಮೂರು ವಾರ. ಅದರಲ್ಲಿ ನಗರ ನೋಡುವುದಕ್ಕೆಂದು ನಾಲ್ಕು ದಿನ ತೆಗೆದಿಡಬೇಕೆಂದು ಮಾತಾಯಿತು. “ಟೈಂಟೇಬಲ್ ಹಾಕುವುದು ನಿನ್ನ ಕಸುಬು, ನೀನೇ ಹಾಕು” ಎಂದು ಅಕ್ಕ ಆ ಕೆಲಸವನ್ನು ನನ್ನ ತಲೆಗೇ ಕಟ್ಟಿದಳು. ಎರಡು ತಿಂಗಳಿಂದ ರಾತ್ರಿ ಊಟವಾದ ಮೇಲೆ ಭೂಪಟವನ್ನು ಹರಡಿಕೊಂಡು ಕೂರುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಕಾಣದ ಊರಿನ ಬೀದಿಗಳ ಹೆಸರು ಬಾಯಿಪಾಠವಾಗಿವೆ. ಈ ಲೇಖನ ಪ್ರವಾಸದ ಕಥೆಯಲ್ಲ. ಪ್ರವಾಸಕ್ಕೆ ಮುಂಚಿನ ಕಥೆ. ಮುಂದೆ ಆ ಕಡೆ ಹೋಗುವ ವಿದ್ಯಾರ್ಥಿಗಳಿಗೂ ಅಧ್ಯಾಪಕ ಮಿತ್ರರಿಗೂ ಇದರಿಂದ ಒಂದಿಷ್ಟು ಉಪಯೋಗವಾದರೆ ಸಂತೋಷ.

ಮೊದಲು ನಾನು ಮಾಡಿದ ಪಟ್ಟಿಯನ್ನು ಹೇಳುತ್ತೇನೆ. ಅದು ಕನ್ನಡ ಮೇಷ್ಟರೊಬ್ಬನ ಪಟ್ಟಿ ಎಂದು ಯಾರಾದರೂ ಒಂದು ನೋಟದಲ್ಲಿ ಹೇಳಬಹುದಾಗಿತ್ತು.

ಅದರ ತಲೆಯಲ್ಲಿ ಇದ್ದದ್ದು ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಚಿತ್ರಶಾಲೆ. ೧೮೯೩ರ ಸೆಪ್ಟೆಂಬರ್ ೧೧ರಂದು ಸರ್ವಧರ್ಮ ಸಮ್ಮೇಳನ ಆರಂಭವಾದದ್ದು ಈ ಕಟ್ಟಡದಲ್ಲಿಯೇ. ಆಗ ತಾತ್ಕಾಲಿಕವಾಗಿ ಕಟ್ಟಿದ್ದ ಸಭಾಂಗಣ ಈಗಿಲ್ಲ. ಕಟ್ಟಡ ಇದೆ, ಅದರ ಬಾಗಿಲಲ್ಲಿ ಮರುವರ್ಷ ತಂದು ನಿಲ್ಲಿಸಿದ ಎರಡು ಕಂಚಿನ ಸಿಂಹಗಳಿವೆ. ೨೦೧೦ರಲ್ಲಿ ಜಿತೀಶ್ ಕಲ್ಲಟ್ ಎಂಬ ಭಾರತೀಯ ಕಲಾವಿದರು ಸ್ವಾಮೀಜಿಯವರ ಭಾಷಣದ ಮಾತುಗಳನ್ನು ಅಲ್ಲಿಯ ದೊಡ್ಡ ಮೆಟ್ಟಿಲುಗಳ ಮೇಲೆ ದೀಪದ ಅಕ್ಷರಗಳಲ್ಲಿ ಬರೆದು ತೋರಿಸಿದ್ದರು. ಈ ಯಾತ್ರೆಗೆ ನಮ್ಮ ನಾಡಿನ ಋಣವೂ ಉಂಟು. ಅಮೆರಿಕೆಗೆ ಹೊರಡುವ ಮುನ್ನ, ೧೮೯೨ರಲ್ಲಿ, ಸ್ವಾಮೀಜಿ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ೧೮೯೪ರ ಜೂನ್‌ನಲ್ಲಿ ಷಿಕಾಗೋದಿಂದಲೇ ಮಹಾರಾಜರಿಗೆ ಪತ್ರ ಬರೆದರು.

ಎರಡನೆಯದು ಷಿಕಾಗೋ ವಿಶ್ವವಿದ್ಯಾನಿಲಯ. ಮೈಸೂರಿನಲ್ಲಿ ೧೯೨೯ರಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ಅಲ್ಲಿ ಮೂವತ್ತು ವರ್ಷ ಪಾಠ ಹೇಳಿದರು; ೧೯೯೩ರಲ್ಲಿ ಆ ಊರಿನಲ್ಲಿಯೇ ತೀರಿಕೊಂಡರು. ವಚನಗಳನ್ನು ಇಂಗ್ಲಿಷಿನ ಓದುಗರಿಗೆ ಮುಟ್ಟಿಸಿದ ‘ಸ್ಪೀಕಿಂಗ್ ಆಫ್ ಶಿವ’ ೧೯೭೩ರಲ್ಲಿ ಹೊರಬಂದದ್ದು, ‘ಹೊಕ್ಕುಳಲ್ಲಿ ಹೂವಿಲ್ಲ’ ೧೯೬೯ರಲ್ಲಿ ಪ್ರಕಟವಾದದ್ದು, ಅವರು ಅಲ್ಲಿದ್ದ ಕಾಲದಲ್ಲಿ. ನಾನು ಅವರ ಪದ್ಯಗಳನ್ನು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. “ಹಿಮ ಬೀಳುವ ಊರಿನಲ್ಲಿ ಕೂತು ಕನ್ನಡ ಪದ್ಯ ಬರೆಯುವುದಕ್ಕೆ ಆಗುತ್ತದೆಯೆ, ಸಾರ್?” ಎಂದು ಒಬ್ಬ ಹುಡುಗಿ ಒಮ್ಮೆ ಕೇಳಿದ್ದಳು. ಅಂದು ಏನೋ ಉತ್ತರ ಹೇಳಿದೆ. ಅದು ಉತ್ತರವಲ್ಲವೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆ ಊರಿನ ಗಾಳಿಯನ್ನು ಒಮ್ಮೆ ಉಸಿರಾಡಿ ಬಂದರೆ ಇನ್ನೊಂದು ಉತ್ತರ ಹೊಳೆದೀತೆಂಬ ಆಸೆ.

ಮೂರನೆಯದು ‘ಪೊಯೆಟ್ರಿ’ ಪತ್ರಿಕೆ. ಹ್ಯಾರಿಯೆಟ್ ಮನ್ರೋ ಎಂಬ ಮಹಿಳೆ ೧೯೧೨ರಲ್ಲಿ ಷಿಕಾಗೋದಲ್ಲಿ ಅದನ್ನು ಆರಂಭಿಸಿದರು. ಅದೇ ವರ್ಷದ ಡಿಸೆಂಬರ್ ಸಂಚಿಕೆಯಲ್ಲಿ ರವೀಂದ್ರರ ಪದ್ಯಗಳು ಅಚ್ಚಾದವು. ನೊಬೆಲ್ ಬಹುಮಾನ ಬಂದದ್ದು ಅದರ ಮರುವರ್ಷ. ಪತ್ರಿಕೆ ಇಂದಿಗೂ ನಡೆಯುತ್ತಿದೆ. ಅದನ್ನು ಹೊರತರುವ ಸಂಸ್ಥೆಗೆ ೨೦೧೧ರಿಂದ ಸ್ವಂತ ಕಟ್ಟಡವಿದೆ, ಅಲ್ಲಿ ಕಾವ್ಯಕ್ಕೇ ಮೀಸಲಾದ ಪುಸ್ತಕಭಂಡಾರವಿದೆ. ನಾಲ್ಕನೆಯದು ಹಳೆಯ ಸಾರ್ವಜನಿಕ ಗ್ರಂಥಾಲಯದ ಕಟ್ಟಡ. ಐದನೆಯದು ಪಕ್ಕದ ಓಕ್ ಪಾರ್ಕಿನಲ್ಲಿ ೧೮೯೯ರಲ್ಲಿ ಹೆಮಿಂಗ್ವೇ ಹುಟ್ಟಿದ ಮನೆ. ಹೀಗೆ ಪಟ್ಟಿ ಹನ್ನೊಂದಕ್ಕೆ ಏರಿತು.

ಈ ಪಟ್ಟಿಯನ್ನು ಒಂದು ಭಾನುವಾರ ಅಕ್ಕನಿಗೆ ದೂರವಾಣಿಯಲ್ಲಿ ಓದಿ ಹೇಳಿದೆ. ಅವಳು ಕೊನೆಯವರೆಗೆ ಕೇಳಿ, “ಎಲ್ಲ ಸರಿ ಕಣೋ. ಇದರಲ್ಲಿ ನಾನು ಕೂತುಕೊಳ್ಳುವುದು ಎಲ್ಲಿ?” ಎಂದಳು.

ಅವಳಿಗೆ ಈಗ ಐವತ್ತೆಂಟು. ಎರಡೂ ಮೊಣಕಾಲು ನೋವು. ಮನೆಯ ಮೆಟ್ಟಿಲನ್ನೇ ಒಂದೊಂದಾಗಿ ಇಳಿಯುತ್ತಾಳೆ. ನನಗಿದು ತಿಳಿಯದ ಸಂಗತಿಯಲ್ಲ. ಆದರೆ ನನ್ನ ಹನ್ನೊಂದು ಸ್ಥಳಗಳಲ್ಲಿ ಅವಳ ಮೊಣಕಾಲಿಗೆ ಜಾಗವಿರಲಿಲ್ಲ. ಅವಳಿಗೆ ಇವೆಲ್ಲ ನೋಡಿ ಹಳೆಯದಾಗಿರಬೇಕು, ನನ್ನನ್ನು ಬಿಟ್ಟು ಬರುವುದಷ್ಟೇ ಅವಳ ಕೆಲಸ ಎಂದು ನಾನು ಭಾವಿಸಿದ್ದೆ. “ನೀನು ಇದನ್ನೆಲ್ಲ ನೋಡಿರಬೇಕಲ್ಲ?” ಎಂದು ಕೇಳಿದೆ.

“ಎಲ್ಲಿ ನೋಡಿದೆ? ಮಗು ಚಿಕ್ಕದಿತ್ತು, ಆಮೇಲೆ ನನ್ನ ಕೆಲಸ, ಅವರ ಕೆಲಸ. ವಿಮಾನಕ್ಕೆ ಹೋಗುವಾಗ ಬರುವಾಗ ಕಾರಿನ ಕಿಟಕಿಯಲ್ಲಿ ಕಂಡದ್ದು. ಹೇಗೂ ನೀನು ಬರುತ್ತೀಯಲ್ಲ, ಆಗ ಎಲ್ಲರೂ ಒಟ್ಟಿಗೇ ನೋಡಿದರಾಯಿತು ಅಂತ ಇಟ್ಟುಕೊಂಡೆವು.”

ಈ ಮಾತನ್ನು ಅವಳು ಆಕ್ಷೇಪಣೆಯಾಗಿ ಹೇಳಲಿಲ್ಲ. ಹಬ್ಬಕ್ಕೆಂದು ತೆಗೆದಿಟ್ಟ ಸೀರೆಯ ಮಾತನ್ನು ಆಡುವಂತೆ ಆಡಿದಳು. ನಾನು ಸ್ವಲ್ಪ ಹೊತ್ತು ಏನೂ ಹೇಳಲಾರದೆ ಹೋದೆ. ಇಪ್ಪತ್ತನಾಲ್ಕು ವರ್ಷ ಒಂದು ಊರನ್ನು ನನಗಾಗಿ ಮುಟ್ಟದೆ ಇಟ್ಟಿದ್ದರು. ನಾನು ಇಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಹೀಗೆ ಎರಡನೆಯ ಪಟ್ಟಿ ಹುಟ್ಟಿತು. ಅಕ್ಕನ ಪಟ್ಟಿಯಲ್ಲಿ ಸ್ಥಳಗಳ ಹೆಸರೇ ಇಲ್ಲ. ಇರುವುದು ಮೂರು ಕಟ್ಟಳೆಗಳು: ಅರ್ಧ ಗಂಟೆಗೊಮ್ಮೆ ಕೂರುವ ಜಾಗ ಇರಬೇಕು, ಮಧ್ಯಾಹ್ನ ಒಂದು ಗಂಟೆಗೆ ಊಟವಾಗಬೇಕು, ನೀರು ಕಾಣಬೇಕು. ನೀರೆಂದರೆ ಮಿಷಿಗನ್ ಸರೋವರ. ಸರೋವರವೆಂಬ ನಮ್ಮ ಮಾತು ಅದಕ್ಕೆ ಚಿಕ್ಕದು; ಅದರ ವಿಸ್ತಾರ ಸುಮಾರು ೫೮,೦೦೦ ಚದರ ಕಿಲೋಮೀಟರ್. ಆಚೆಯ ದಡ ಕಾಣದು.

ನಾಲ್ಕು ದಿನ ಕಳೆದ ಮೇಲೆ ಅಕ್ಕನೇ ಕರೆ ಮಾಡಿದಳು. ಭಾವನ ಮೇಜಿನ ಖಾನೆಯಲ್ಲಿ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಸಿಕ್ಕಿತಂತೆ. ಅದರ ಹಿಂಬದಿಯಲ್ಲಿ ನನ್ನ ಹೆಸರು, ಹೆಸರಿನ ಕೆಳಗೆ ಒಂದು ಗೀಟು, ಅದರ ಕೆಳಗೆ ಎಂಟು ಬಾಬು. ‘ಇವನು ಬಂದರೆ ತೋರಿಸತಕ್ಕದ್ದು’ ಎಂದು ಅರ್ಥ. ಅದರ ಛಾಯಾಚಿತ್ರವನ್ನು ಅವಳು ಕಳುಹಿಸಿದಳು. ಭಾವ ಸಿವಿಲ್ ಎಂಜಿನಿಯರು. ಎಂಟರಲ್ಲಿ ಆರು ಕಟ್ಟಡಗಳು, ಒಂದು ಊಟ. ಕೊನೆಯದನ್ನು ಕೊನೆಗೆ ಹೇಳುತ್ತೇನೆ.

ಮೊದಲನೆಯ ಬಾಬು ‘ಸಿಯರ್ಸ್’. ಈಗ ವಿಲ್ಲಿಸ್ ಟವರ್ ಎಂದು ಹೆಸರು ಬದಲಾಗಿದೆ. ಭಾವ ಹಳೆಯ ಹೆಸರನ್ನು ಬಿಟ್ಟವರಲ್ಲ. ೧೧೦ ಅಂತಸ್ತು, ೪೪೨ ಮೀಟರ್ ಎತ್ತರ. ೧೯೭೦ರ ದಶಕದಲ್ಲಿ ಎದ್ದು ನಿಂತಾಗ ಲೋಕದಲ್ಲೇ ಎತ್ತರದ ಕಟ್ಟಡ; ೧೯೯೮ರವರೆಗೆ ಆ ಹಿರಿಮೆ ಅದರದೇ ಆಗಿತ್ತು. ಅದರ ಪಕ್ಕದಲ್ಲಿ ಭಾವ ಕಂಸದಲ್ಲಿ ‘ಖಾನ್’ ಎಂದು ಬರೆದು, ಒಂಬತ್ತು ಚೌಕಗಳ ಒಂದು ಸಣ್ಣ ಚಿತ್ರ ಬಿಡಿಸಿದ್ದರು. ಇದೇನೆಂದು ನಾನು ಹುಡುಕಿ ಓದಬೇಕಾಯಿತು. ಫಜ್ಲುರ್ ರಹಮಾನ್ ಖಾನ್ ಢಾಕಾದಲ್ಲಿ ಹುಟ್ಟಿದವರು; ೧೯೫೨ರಲ್ಲಿ ಅಮೆರಿಕೆಗೆ ಬಂದು, ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಓದಿ, ಷಿಕಾಗೋದಲ್ಲಿ ನೆಲೆನಿಂತ ಎಂಜಿನಿಯರು. ಎತ್ತರದ ಕಟ್ಟಡಕ್ಕೆ ಭಾರಕ್ಕಿಂತ ಗಾಳಿ ದೊಡ್ಡ ಶತ್ರು. ಅವರು ಒಂಬತ್ತು ಚೌಕಾಕಾರದ ಕೊಳವೆಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಿದಂತೆ ಈ ಗೋಪುರವನ್ನು ನಿಲ್ಲಿಸಿದರು. ಕೆಲವು ಕೊಳವೆಗಳು ನಡುವೆಯೇ ನಿಲ್ಲುತ್ತವೆ, ಎರಡು ಮಾತ್ರ ತುದಿಯವರೆಗೆ ಹೋಗುತ್ತವೆ. ಒಂದು ಊದುಬತ್ತಿಯನ್ನು ಬೆರಳಿನಿಂದ ತಳ್ಳಿದರೆ ಬಾಗುತ್ತದೆ. ಕಟ್ಟನ್ನು ತಳ್ಳಿದರೆ ಬಾಗುವುದಿಲ್ಲ. ಇಷ್ಟೇ ಅದರ ಗುಟ್ಟು. ಭಾವ ಎದುರಿಗಿದ್ದಿದ್ದರೆ ದೇವರ ಮನೆಯಿಂದ ಊದುಬತ್ತಿ ತಂದೇ ತೋರಿಸುತ್ತಿದ್ದರು.

ಖಾನರ ಜನ್ಮವರ್ಷವನ್ನು ಓದಿದಾಗ ನಾನು ಕನ್ನಡಕವನ್ನು ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ೧೯೨೯, ಏಪ್ರಿಲ್. ರಾಮಾನುಜನ್ ಹುಟ್ಟಿದ್ದು ೧೯೨೯, ಮಾರ್ಚ್. ಒಂದೇ ಬೇಸಗೆಯಲ್ಲಿ ಒಬ್ಬರು ಮೈಸೂರಿನಲ್ಲಿ, ಒಬ್ಬರು ಢಾಕಾದಲ್ಲಿ ಹುಟ್ಟಿ, ಇಬ್ಬರೂ ಒಂದೇ ಪರಸ್ಥಳಕ್ಕೆ ಹೋಗಿ, ಒಬ್ಬರು ಕಬ್ಬಿಣದಲ್ಲಿ ಕಟ್ಟಿದರು, ಒಬ್ಬರು ಮಾತಿನಲ್ಲಿ ಕಟ್ಟಿದರು. ನನ್ನ ಪಟ್ಟಿಯ ಮುಖ್ಯ ಪುರುಷನೂ ಭಾವನ ಪಟ್ಟಿಯ ಮುಖ್ಯ ಪುರುಷನೂ ಒಂದೇ ವಯಸ್ಸಿನವರು! ಭಾವನಿಗೆ ಪದ್ಯವೆಂದರೆ ಆಗದು, ನನಗೆ ಲೆಕ್ಕವೆಂದರೆ ಆಗದು. ಇದರ ಮೇಲೆ ನಾವು ಎಷ್ಟೋ ಸಲ ಹಾಸ್ಯ ಮಾಡಿಕೊಂಡದ್ದುಂಟು. ಈ ಒಂದು ಸಂಗತಿಯನ್ನು ಅವರಿಗೆ ಹೇಳಬೇಕೆಂದು ನನಗೆ ಬಹಳ ಅನ್ನಿಸಿತು.

ಅಂದಿನಿಂದ ನನ್ನ ಕೆಲಸದ ರೀತಿ ಬದಲಾಯಿತು. ಮೂರು ಪಟ್ಟಿಗಳನ್ನು ಒಂದು ಭೂಪಟದ ಮೇಲೆ ಇಳಿಸುವುದು ಈಗಿನ ಪ್ರಶ್ನೆ. ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಿದರೆ ಓದುಗರಿಗೆ ಉಪಕಾರವಾದೀತು. ಬೆಳಿಗ್ಗೆ ವಿಶ್ವವಿದ್ಯಾನಿಲಯ ನೋಡಿ, ಮಧ್ಯಾಹ್ನದ ಊಟಕ್ಕೆ ಭಾರತೀಯರ ಅಂಗಡಿಗಳಿರುವ ಡೆವನ್ ಬೀದಿಗೆ ಹೋಗುವುದೆಂದು ಬರೆದಿದ್ದೆ. ಕಾಗದದ ಮೇಲೆ ಎರಡೂ ಒಂದೇ ಊರು. ಆಮೇಲೆ ಆ ಊರಿನ ಮನೆಸಂಖ್ಯೆಗಳ ಕ್ರಮ ತಿಳಿಯಿತು. ೧೯೦೯ರಲ್ಲಿ ಅವರು ಸ್ಟೇಟ್ ಮತ್ತು ಮ್ಯಾಡಿಸನ್ ಎಂಬ ಎರಡು ಬೀದಿಗಳು ಕೂಡುವ ಸ್ಥಳವನ್ನು ಸೊನ್ನೆ ಎಂದು ಇಟ್ಟುಕೊಂಡು, ನಾಲ್ಕು ದಿಕ್ಕಿಗೂ ಸಂಖ್ಯೆ ಏರಿಸಿಕೊಂಡು ಹೋದರು. ಬಹುಮಟ್ಟಿಗೆ ಎಂಟುನೂರು ಸಂಖ್ಯೆಗೆ ಒಂದು ಮೈಲಿ. ವಿಳಾಸ ನೋಡಿದರೆ ಸಾಕು, ದೂರ ತಿಳಿಯುತ್ತದೆ. ವಿಶ್ವವಿದ್ಯಾನಿಲಯ ದಕ್ಷಿಣ ೫೭೦೦ರ ಸುತ್ತಿನಲ್ಲಿ. ಡೆವನ್ ಬೀದಿ ಉತ್ತರ ೬೪೦೦. ನಡುವೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು! ಹಸಿದ ಅಕ್ಕನನ್ನು ಒಂದು ಗಂಟೆಯ ಊಟಕ್ಕೆ ಅಷ್ಟು ದೂರ ಎಳೆದೊಯ್ದಿದ್ದರೆ ನನ್ನ ಗತಿ ಏನಾಗುತ್ತಿತ್ತೋ!

ಈಗ ಹಂಚಿಕೆ ಹೀಗಿದೆ.

ಮೊದಲ ದಿನ ಭಾವನದು. ನೇಪರ್‌ವಿಲ್‌ನಿಂದ ರೈಲು ಹತ್ತಿದರೆ ಯೂನಿಯನ್ ಸ್ಟೇಷನ್‌ಗೇ ಒಯ್ದು ಬಿಡುತ್ತದೆ. ೧೯೨೫ರಲ್ಲಿ ತೆರೆದ ನಿಲ್ದಾಣ, ವಿಶಾಲವಾದ ಹಜಾರ, ಕೂರಲು ಮರದ ದೊಡ್ಡ ಬೆಂಚುಗಳು. ಅಲ್ಲಿಂದ ಹೊಳೆ ದಾಟಿದರೆ ವಿಲ್ಲಿಸ್ ಟವರ್ ಸಮೀಪ. ೧೦೩ನೆಯ ಅಂತಸ್ತಿನಲ್ಲಿ ಗಾಜಿನ ನೆಲದ ಮೇಲೆ ನಿಂತು ಕೆಳಗೆ ನೋಡುವ ಏರ್ಪಾಡಿದೆ. ಅದರ ಮೇಲೆ ನಾನು ನಿಲ್ಲುವೆನೆಂದು ಇಲ್ಲಿ ಮಾತು ಕೊಡುವುದಿಲ್ಲ. ಮಧ್ಯಾಹ್ನ ಹೊಳೆಯಲ್ಲಿ ದೋಣಿಯ ಸುತ್ತಾಟ. ಒಂದೂವರೆ ಗಂಟೆ ಕೂತಲ್ಲೇ ಕೂತು, ಎರಡು ದಡದ ಕಟ್ಟಡಗಳ ಇತಿಹಾಸವನ್ನು ಬಲ್ಲವರ ಬಾಯಿಂದ ಕೇಳಬಹುದು. ಭಾವನ ಆರು ಕಟ್ಟಡಗಳಲ್ಲಿ ನಾಲ್ಕು ಇದರಲ್ಲೇ ಮುಗಿಯುತ್ತವೆ. ಅಕ್ಕನ ಎರಡು ಕಟ್ಟಳೆಗಳೂ ನೆರವೇರುತ್ತವೆ. ಈ ಹೊಳೆಯೇ ಒಂದು ಸೋಜಿಗ. ಸರೋವರಕ್ಕೆ ಹರಿಯುತ್ತಿದ್ದ ಅದು ಊರಿನ ಕೊಳೆಯನ್ನೆಲ್ಲ ಕುಡಿಯುವ ನೀರಿಗೆ ಸೇರಿಸುತ್ತಿತ್ತು. ೧೯೦೦ರಲ್ಲಿ ಕಾಲುವೆ ತೋಡಿ ಅದರ ಹರಿವನ್ನೇ ಹಿಂದಕ್ಕೆ ತಿರುಗಿಸಿದರು. ಇಂದಿಗೂ ಅದು ಸರೋವರಕ್ಕೆ ಬೆನ್ನು ಮಾಡಿ ಹರಿಯುತ್ತಿದೆ.

ದೋಣಿ ಇಳಿದು ಉತ್ತರಕ್ಕೆ ಹೋದರೆ ಹಳೆಯ ನೀರಿನ ಗೋಪುರ. ೧೮೬೯ರಲ್ಲಿ ಕಟ್ಟಿದ್ದು. ಎರಡು ವರ್ಷದ ಮೇಲೆ, ೧೮೭೧ರ ಅಕ್ಟೋಬರ್‌ನಲ್ಲಿ, ಊರಿಗೆ ಬೆಂಕಿ ಬಿದ್ದಿತು. ಸುಮಾರು ಮುನ್ನೂರು ಮಂದಿ ಸತ್ತರು, ಒಂದು ಲಕ್ಷ ಜನ ಮನೆಯಿಲ್ಲದವರಾದರು. ಸುತ್ತಲೂ ಬೂದಿ, ನಡುವೆ ಈ ಗೋಪುರ ನಿಂತಿತ್ತು. ಸುಟ್ಟ ನೆಲದ ಮೇಲೆ ಹೊಸದಾಗಿ ಕಟ್ಟಬೇಕಾಗಿ ಬಂದದ್ದರಿಂದಲೇ ಗಗನಚುಂಬಿ ಕಟ್ಟಡಗಳ ವಿದ್ಯೆ ಇಲ್ಲಿ ಬೆಳೆಯಲು ಅವಕಾಶವಾಯಿತು. ಅಲ್ಲಿಂದ ಸ್ವಲ್ಪ ದೂರದಲ್ಲೇ ೧೯೬೯ರ ಜಾನ್ ಹ್ಯಾನ್‌ಕಾಕ್ ಕಟ್ಟಡ, ಅದೂ ಖಾನರದೇ.

ಎರಡನೆಯ ದಿನ ಮೂವರಿಗೂ ಸೇರಿದ್ದು. ಚಿತ್ರಶಾಲೆ, ಮಿಲೆನಿಯಂ ಉದ್ಯಾನ, ಹಳೆಯ ಗ್ರಂಥಾಲಯ ಮೂರೂ ಮಿಷಿಗನ್ ಅವೆನ್ಯೂವಿನ ಎಡಬಲಕ್ಕೆ ಹತ್ತಿರ ಹತ್ತಿರ ಇವೆ. ಚಿತ್ರಶಾಲೆಗೆ ವಾರದಲ್ಲಿ ರಜೆಯ ದಿನಗಳುಂಟು. ಹೋಗುವವರು ಮೊದಲೇ ವಿಚಾರಿಸಿಕೊಳ್ಳಬೇಕು. ಒಳಗೆ ಕಾಲು ನೋಯುವವರಿಗೆ ಗಾಲಿಕುರ್ಚಿ ದೊರೆಯುತ್ತದೆ. “ನಾನೇನು ಮುದುಕಿಯೇ?” ಎಂದು ಅಕ್ಕ ಗದರಿದಳು, ಆದ್ದರಿಂದ ನಿಧಾನವಾಗಿ ನೋಡುವ ಮೂರೇ ಚಿತ್ರಗಳನ್ನು ಆರಿಸಿದ್ದೇನೆ: ಚುಕ್ಕೆಗಳಿಂದಲೇ ಬರೆದ ಸರಾನ ಭಾನುವಾರದ ಚಿತ್ರ, ಗ್ರಾಂಟ್ ವುಡ್‌ನ ೧೯೩೦ರ ‘ಅಮೆರಿಕನ್ ಗಾಥಿಕ್’, ಹಾಪರ್‌ನ ೧೯೪೨ರ ‘ನೈಟ್‌ಹಾಕ್ಸ್’. ಸಾವಿರ ಚಿತ್ರದ ಮುಂದೆ ನಡೆದುಹೋಗುವುದಕ್ಕಿಂತ ಮೂರು ಚಿತ್ರದ ಮುಂದೆ ಕೂರುವುದು ಮೇಲು ಎಂಬುದು ಅಕ್ಕನ ಮೊಣಕಾಲು ನನಗೆ ಕಲಿಸಿದ ಪಾಠ. ಉದ್ಯಾನದಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅನೀಶ್ ಕಪೂರ್ ೨೦೦೬ರಲ್ಲಿ ಪೂರ್ತಿ ಮಾಡಿದ ‘ಕ್ಲೌಡ್ ಗೇಟ್’ ಇದೆ. ೧೬೮ ಉಕ್ಕಿನ ತಗಡುಗಳನ್ನು ಬೆಸುಗೆಯ ಗುರುತೇ ಕಾಣದಂತೆ ಜೋಡಿಸಿ ಮಾಡಿದ ದೊಡ್ಡ ಕನ್ನಡಿ. ಜನ ಅದನ್ನು ‘ಹುರುಳಿಕಾಯಿ ಬೀಜ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಅದರಲ್ಲಿ ಇಡೀ ಊರು, ಆಕಾಶ, ನೋಡುವವರು ಒಟ್ಟಿಗೆ ಕಾಣುತ್ತಾರಂತೆ.

ಗ್ರಂಥಾಲಯದ ಕಥೆಯನ್ನು ನಮ್ಮ ಅಧ್ಯಾಪಕರು ತರಗತಿಯಲ್ಲಿ ಹೇಳತಕ್ಕದ್ದು. ಆ ಬೆಂಕಿಯ ಸುದ್ದಿ ಇಂಗ್ಲೆಂಡಿಗೆ ಮುಟ್ಟಿದಾಗ, ಪಾಪ, ಊರಿನ ಪುಸ್ತಕಗಳೂ ಸುಟ್ಟುಹೋದವಲ್ಲ ಎಂದು ಅಲ್ಲಿಯವರು ಸುಮಾರು ಎಂಟು ಸಾವಿರ ಗ್ರಂಥಗಳನ್ನು ದಾನವಾಗಿ ಕಳುಹಿಸಿದರು. ವಿಕ್ಟೋರಿಯಾ ರಾಣಿಯೂ ಟೆನಿಸನ್ ಕವಿಯೂ ದಾನಿಗಳಲ್ಲಿ ಇದ್ದರು. ನಿಜವೇನೆಂದರೆ, ಬೆಂಕಿಗೆ ಮುಂಚೆ ಆ ಊರಿನಲ್ಲಿ ಸರ್ವರಿಗೂ ತೆರೆದ ಉಚಿತ ಗ್ರಂಥಾಲಯವೇ ಇರಲಿಲ್ಲ! ಪುಸ್ತಕ ಬಂದ ಮೇಲೆ ಗ್ರಂಥಾಲಯ ಬೇಕಾಯಿತು. ೧೮೭೩ರ ಹೊಸ ವರ್ಷದ ದಿನ ಒಂದು ಹಳೆಯ ಕಬ್ಬಿಣದ ನೀರಿನ ತೊಟ್ಟಿಯೊಳಗೆ ಅದನ್ನು ತೆರೆದರು. ೧೮೯೭ರಲ್ಲಿ ಭವ್ಯವಾದ ಕಟ್ಟಡವಾಯಿತು; ಅದರ ಬಣ್ಣದ ಗಾಜಿನ ಗುಮ್ಮಟದ ಅಗಲ ೩೮ ಅಡಿ. ಗ್ರಂಥಾಲಯ ಈಗ ಬೇರೆ ಕಡೆ ಇದೆ; ಈ ಕಟ್ಟಡ ಸಂಸ್ಕೃತಿ ಕೇಂದ್ರವಾಗಿದೆ. ಪ್ರವೇಶ ಶುಲ್ಕವಿಲ್ಲ. ಗುಮ್ಮಟದ ಕೆಳಗೆ ಕೂರಬಹುದೆಂದು ವಿಚಾರಿಸಿ ತಿಳಿದಿದ್ದೇನೆ.

ಮೂರನೆಯ ದಿನ ನನ್ನದು: ವಿಶ್ವವಿದ್ಯಾನಿಲಯ. “ಅಲ್ಲಿ ನೋಡುವುದಕ್ಕೆ ಏನಿದೆ?” ಎಂದು ಅಕ್ಕ ಕೇಳಿದಳು. ಸತ್ಯ ಹೇಳಬೇಕಾದರೆ ಏನೂ ಇಲ್ಲ. ದಕ್ಷಿಣ ಏಷ್ಯದ ಭಾಷೆಗಳ ವಿಭಾಗವಿರುವ ಫಾಸ್ಟರ್ ಹಾಲ್, ಅದರ ಬಾಗಿಲು, ಅದರ ಮುಂದಿನ ಹುಲ್ಲುಗಾವಲು. ರಾಮಾನುಜನ್ ಅವರ ಹಸ್ತಪ್ರತಿಗಳು ಅಲ್ಲಿಯ ರೆಗೆನ್‌ಸ್ಟೈನ್ ಗ್ರಂಥಾಲಯದ ವಿಶೇಷ ಸಂಗ್ರಹದಲ್ಲಿವೆ. ಮುಂಚಿತವಾಗಿ ಹೆಸರು ನೋಂದಾಯಿಸಿ, ಇಂಥ ಪೆಟ್ಟಿಗೆ ಬೇಕೆಂದು ಕೇಳಿಕೊಳ್ಳಬೇಕು. ಬೆಳಗಿನ ಎರಡು ಗಂಟೆ ಅದಕ್ಕೆಂದು ಇಟ್ಟುಕೊಂಡಿದ್ದೇನೆ. ಆ ಹೊತ್ತು ನಮ್ಮಕ್ಕ ಏನು ಮಾಡಬೇಕು? “ನಾನು ಹೊರಗೆ ಮರದ ಕೆಳಗೆ ಕೂತು ಸ್ವೆಟರ್ ಹೆಣೆಯುತ್ತೇನೆ, ನೀನು ಹೋಗಿ ನಿನ್ನ ಕವಿಯನ್ನು ನೋಡಿಕೊಂಡು ಬಾ” ಎಂದಳು. ಮಧ್ಯಾಹ್ನ ಹತ್ತಿರದಲ್ಲೇ ಇರುವ, ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ರೋಬಿ ಮನೆ. ಅದು ಭಾವನ ಪಟ್ಟಿಯಲ್ಲೂ ಇದೆ.

ಇನ್ನು ಊಟದ ವಿಚಾರ. ಷಿಕಾಗೋ ಮಾಂಸದ ಊರೆಂದು ಹೆಸರಾದದ್ದು ಸುಮ್ಮನೆ ಅಲ್ಲ. ೧೮೬೫ರಲ್ಲಿ ತೆರೆದ ದನಹಂದಿಗಳ ದೊಡ್ಡ ಸಂತೆಕಟ್ಟೆ ೧೯೭೧ರವರೆಗೆ ನಡೆಯಿತು. ಅಲ್ಲಿಯ ಕೆಲಸಗಾರರ ಬವಣೆಯನ್ನು ಕುರಿತು ಅಪ್ಟನ್ ಸಿಂಕ್ಲೇರ್ ೧೯೦೬ರಲ್ಲಿ ‘ದಿ ಜಂಗಲ್’ ಕಾದಂಬರಿಯನ್ನು ಬರೆದ. ಊರಿನ ಪ್ರಸಿದ್ಧ ತಿನಿಸುಗಳಲ್ಲಿ ಬಹುಪಾಲು ನಮ್ಮಂಥ ಶಾಕಾಹಾರಿಗಳಿಗೆ ಆಗಿಬರದು. ಆದರೆ ಭಾವನ ಏಳನೆಯ ಬಾಬು ‘ದಪ್ಪ ಪಿಜ್ಜಾ, ಓಹಾಯೋ ಬೀದಿ’. ೧೯೪೩ರಲ್ಲಿ ಪಿಜ್ಜೇರಿಯಾ ಯೂನೋ ಎಂಬ ಹೋಟೆಲು ಆ ಬೀದಿಯಲ್ಲಿ ಇದನ್ನು ಆರಂಭಿಸಿತು. ಹಿಟ್ಟನ್ನು ತಟ್ಟೆಯಂತಲ್ಲದೆ ಬೋಗುಣಿಯಂತೆ ಅಂಚೆತ್ತಿ, ಮೊದಲು ಗಿಣ್ಣು, ಆಮೇಲೆ ಪಲ್ಯ, ಎಲ್ಲದರ ಮೇಲೆ ಟೊಮ್ಯಾಟೋ ಗೊಜ್ಜು ಹಾಕಿ ಬೇಯಿಸುತ್ತಾರೆ. ಬೇಯುವುದಕ್ಕೇ ಅರ್ಧ ಗಂಟೆಗೆ ಮೇಲೆ ಹಿಡಿಯುತ್ತದೆ; ಹಸಿವಾಗುವ ಮುನ್ನವೇ ಹೋಗಿ ಹೇಳಬೇಕು. ಮಾಂಸವಿಲ್ಲದೆ, ಸೊಪ್ಪು ಅಣಬೆ ಹಾಕಿಸಿಕೊಳ್ಳಬಹುದು. ಮೊದಲ ದಿನದ ಸಂಜೆಯ ಊಟ ಅದೇ. ಬಿಲ್ಲಿನ ಮೇಲೆ ತೆರಿಗೆ ಬೇರೆ, ಬಡಿಸಿದವರಿಗೆ ನೂರಕ್ಕೆ ಹದಿನೆಂಟು ಇಪ್ಪತ್ತು ಬೇರೆ ಎಂಬುದನ್ನು ಹೊಸಬರು ಮರೆಯಬಾರದು. ನಾಲ್ಕನೆಯ ದಿನ ಮಧ್ಯಾಹ್ನ ಡೆವನ್ ಬೀದಿ. ಅದರ ಒಂದು ಭಾಗಕ್ಕೆ ಗಾಂಧಿ ಮಾರ್ಗವೆಂದೂ, ಮುಂದಿನ ಒಂದು ಭಾಗಕ್ಕೆ ಜಿನ್ನಾ ಅವರ ಹೆಸರನ್ನೂ ಇಟ್ಟಿದ್ದಾರೆ. ನಮ್ಮ ಉಪಖಂಡ ಅಲ್ಲಿ ಒಂದೇ ಬೀದಿಯಲ್ಲಿ ವ್ಯಾಪಾರ ಮಾಡುತ್ತದೆ. ದೋಸೆಗೆ ಬರವಿಲ್ಲ.

ಉಳಿದ ಮಧ್ಯಾಹ್ನಗಳಿಗೆ ನಾನು ಐದಾರು ಹೋಟೆಲುಗಳ ಹೆಸರನ್ನು ಗುರುತು ಹಾಕಿಕೊಂಡಿದ್ದೆ. ಅಕ್ಕ ಅದನ್ನು ಒ‍ಪ್ಪಲಿಲ್ಲ. “ಬುತ್ತಿ ಕಟ್ಟುತ್ತೇನೆ. ಒಂದು ದಿನ ಪುಳಿಯೋಗರೆ, ಒಂದು ದಿನ ಮೊಸರನ್ನ. ಕೆರೆಯ ದಡದಲ್ಲಿ ಕೂತು ತಿನ್ನೋಣ” ಎಂದಳು. ಅವಳ ಬಾಯಲ್ಲಿ ಮಿಷಿಗನ್ ಸರೋವರ ‘ಕೆರೆ’! ಆದರೆ ಆ ದಡದಲ್ಲಿ ಕೂರುವ ಹಕ್ಕು ಸುಲಭವಾಗಿ ಬಂದದ್ದಲ್ಲವೆಂದು ಓದಿ ತಿಳಿದೆ. ಊರ ನಡುವಿನ ದಂಡೆಯನ್ನು ಕಟ್ಟಡಗಳು ನುಂಗದಂತೆ, ಮಾಂಟ್‌ಗಮರಿ ವಾರ್ಡ್ ಎಂಬ ವರ್ತಕ ೧೮೯೦ರಿಂದ ಸುಮಾರು ಇಪ್ಪತ್ತು ವರ್ಷ ನ್ಯಾಯಾಲಯದಲ್ಲಿ ಹೋರಾಡಿದ. ಅವನ ಮೇಲೆ ಊರಿನ ದೊಡ್ಡವರಿಗೆ ಸಿಟ್ಟೇ ಇತ್ತು. ಡೇನಿಯಲ್ ಬರ್ನಮ್ ೧೯೦೯ರಲ್ಲಿ ಮಾಡಿದ ನಗರದ ಯೋಜನೆಯೂ ದಂಡೆ ಎಲ್ಲರದು ಎಂದಿತು. ಆ ವ್ಯಾಜ್ಯ ಗೆದ್ದದ್ದರಿಂದ ಇಂದು ನಮ್ಮಕ್ಕ ಟಿಕೆಟ್ಟಿಲ್ಲದೆ ಅಲ್ಲಿ ಕೂತು ಮೊಸರನ್ನ ತಿನ್ನಬಹುದು.

ಬಿಟ್ಟದ್ದು ಬಹಳ. ಡೈನೊಸಾರಿನ ಅಸ್ಥಿಪಂಜರವಿರುವ ಫೀಲ್ಡ್ ವಸ್ತುಸಂಗ್ರಹಾಲಯ, ಮೀನಿನ ಮನೆ, ಹೆಮಿಂಗ್ವೇ ಹುಟ್ಟಿದ ಮನೆ, ‘ಪೊಯೆಟ್ರಿ’ಯ ಕಟ್ಟಡ ಎಲ್ಲಕ್ಕೂ ಗೀಟು ಎಳೆದಿದ್ದೇನೆ. ಪದ್ಯದ ಪುಸ್ತಕಭಂಡಾರಕ್ಕೆ ಗೀಟು ಎಳೆಯುವಾಗ ಕೈ ನಡುಗಿತು. ಆದರೆ ಒಂಟಿಯಾಗಿ ಹೋಗುವವನು ಊರನ್ನು ನೋಡಲು ಪಟ್ಟಿ ಮಾಡಬಹುದು. ಜೊತೆಯಲ್ಲಿ ಹೋಗುವವನು ಜೊತೆಗಾರರನ್ನು ನೋಡಿ ಪಟ್ಟಿ ಮಾಡಬೇಕು. ಇದನ್ನು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು.

ಭಾವನ ಎಂಟನೆಯ ಬಾಬನ್ನು ಹೇಳುವುದಾಗಿ ಹೇಳಿದ್ದೆ. ‘ಆಡ್ಲರ್, ರಾತ್ರಿ, ದೀಪ’ ಎಂದು ಮೂರೇ ಮಾತು. ಆಡ್ಲರ್ ಎಂಬುದು ೧೯೩೦ರಲ್ಲಿ ಕಟ್ಟಿದ ತಾರಾಲಯ. ಅದಿರುವುದು ಸರೋವರದೊಳಕ್ಕೆ ಚಾಚಿದ ನೆಲದ ತುದಿಯಲ್ಲಿ. ಅಲ್ಲಿ ನಿಂತು ಹಿಂತಿರುಗಿ ನೋಡಿದರೆ ಇಡೀ ನಗರ ನೀರಿನಾಚೆ ಸಾಲಾಗಿ ಕಾಣುತ್ತದೆಂದು ಎಲ್ಲ ಮಾರ್ಗದರ್ಶಿಗಳೂ ಬರೆಯುತ್ತವೆ. “ಇದನ್ನು ನಾಲ್ಕನೆಯ ದಿನದ ಕೊನೆಗೆ ಇಡಲೇ?” ಎಂದು ಅಕ್ಕನನ್ನು ಕೇಳಿದೆ.

“ಇಡು. ಅದೊಂದು ನಾನು ನೋಡಿದ್ದೇನೆ. ಬಂದ ವರ್ಷ ಒಂದು ಸಲ ಕರೆದುಕೊಂಡು ಹೋಗಿದ್ದರು. ಕೂರುವುದಕ್ಕೆ ಕಲ್ಲಿನ ಮೆಟ್ಟಿಲಿದೆ ಕಣೋ.”

ಜೂನ್ ತಿಂಗಳಲ್ಲಿ ಅಲ್ಲಿ ಕತ್ತಲಾಗುವುದು ತಡ. ಬೇಸಗೆಯಲ್ಲೂ ಸರೋವರದ ಬಳಿ ಗಾಳಿ ತಣ್ಣಗಿರುತ್ತದೆ. ಆದ್ದರಿಂದ ಒಯ್ಯಬೇಕಾದ ಸಾಮಾನಿನಲ್ಲಿ ಶಾಲು ಎಂದು ಬರೆದುಕೊಂಡಿದ್ದೇನೆಂದು ಅವಳಿಗೆ ಹೇಳಿದೆ.

“ನೀನು ತರಬೇಡ” ಎಂದಳು ಅಕ್ಕ. “ಅವರದು ಇಲ್ಲೇ ಇದೆ.”

ಶಾಲಿನ ಮೇಲೆ ಗೀಟು ಎಳೆದೆ.